ಸಿಟ್ಟು ಬರಬೇಕಾದ ಕಡೆ ಬರದಿದ್ದರೆ ಅದು ಒಳ್ಳೆಯ ಗುಣವಾ?

ಮಲ್ಲಿಗೆಹಂಬು · ಸೋಮವಾರ, ರಾತ್ರಿ 10:40

ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 44 ವರ್ಷ. ಕಚೇರಿ ಕೆಲಸ. ಎಲ್ಲರೂ ನನ್ನನ್ನು "ಹಸುವಿನಂಥವಳು" ಅನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಮ್ಮತ್ತೆಯೂ ನೆಂಟರ ಮುಂದೆ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ನಾನೂ ಅದನ್ನು ಹೊಗಳಿಕೆ ಅಂತಲೇ ಒಳಗೆ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಹೋದ ಗುರುವಾರ ನಮ್ಮ ಮೇಲಿನವರು ಒಬ್ಬ ಅಟೆಂಡರನ್ನು ಎಲ್ಲರೆದುರು ಬೈದರು. ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿರುವ ಮನುಷ್ಯ. ಫೈಲೊಂದು ಬೇರೆ ಯಾರದೋ ಟೇಬಲ್ಲಿಗೆ ಹೋಗಿತ್ತು. ಕಳಿಸಿದ್ದು ಅವರಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೈಗುಳ ಫೈಲಿನಿಂದ ಶುರುವಾಗಿ ಅವರ ವಯಸ್ಸಿಗೆ, ಬುದ್ಧಿಗೆ, ಕೊನೆಗೆ ಹುಟ್ಟಿಗೂ ಹೋಯಿತು. ನಾನು ಕಂಪ್ಯೂಟರ್ ನೋಡುತ್ತಾ ಕೂತಿದ್ದೆ. ಪರದೆ ಆಗಲೇ ಕಪ್ಪಾಗಿತ್ತು, ಮೌಸ್ ಅಲ್ಲಾಡಿಸುವುದಕ್ಕೂ ಕೈ ಬರಲಿಲ್ಲ.

ಸಂಜೆ ಮನೆಗೆ ಬಂದರೆ ಮಗ ಟಿಫನ್ ಡಬ್ಬಿಯ ಮುಚ್ಚಳ ಕಳೆದುಕೊಂಡು ಬಂದಿದ್ದ. ಅವನಿಗೆ 11 ವರ್ಷ. ಒಂದು ಮುಚ್ಚಳಕ್ಕೆ ಅರ್ಧ ಗಂಟೆ ಕೂಗಾಡಿದೆ. ಅವನು ಅಳಲಿಲ್ಲ, ಸುಮ್ನೆ ಗೋಡೆ ನೋಡುತ್ತಾ ನಿಂತಿದ್ದ. ಬೆಳಿಗ್ಗೆ ಆ ಅಟೆಂಡರ್ ನಿಂತಿದ್ದೂ ಹಾಗೇ.

ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ಅರಿಸ್ಟಾಟಲನ ನೀತಿಶಾಸ್ತ್ರ ಓದುತ್ತಿದ್ದೇವೆ. ಸಿಟ್ಟು ಬರಬೇಕಾದ ವಿಷಯಕ್ಕೂ ಸಿಟ್ಟು ಬರದವನು ಪೆದ್ದನ ಹಾಗೆ ಕಾಣುತ್ತಾನೆ ಅಂತ ಅವನು ಹೇಳುತ್ತಾನೆ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಇಷ್ಟು ವರ್ಷ ಸಮಾಧಾನ ಅಂತ ಅಂದುಕೊಂಡಿದ್ದು ಬರೀ ಪುಕ್ಕಲುತನವಾ? ಹಾಗಿದ್ದರೆ ಈ ವಯಸ್ಸಿನಲ್ಲಿ ಏನು ಮಾಡುವುದು? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ.

ಒಗ್ಗರಣೆ · ಸೋಮವಾರ, ರಾತ್ರಿ 10:52

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಇಷ್ಟಕ್ಕೆ ಗ್ರೀಸಿನವರೆಗೆ ಹೋಗಬೇಕಿತ್ತಾ ಮೇಡಂ?

ಹಳೇಮೇಷ್ಟ್ರು · ಸೋಮವಾರ, ರಾತ್ರಿ 11:35

ಒಗ್ಗರಣೆಯವರೇ, ತಮಾಷೆಗೆ ಹೇಳಿದಿರಿ, ಆದರೆ ಆ ಗಾದೆಯಲ್ಲಿ ಕಾಲು ಭಾಗ ಅರಿಸ್ಟಾಟಲ್ ಇದ್ದಾನೆ. ಒಳ್ಳೆಯ ಸಿಟ್ಟು ಯಾವುದು ಅನ್ನುವುದಕ್ಕೆ ಅವನ ಪರೀಕ್ಷೆ ಇದು: ತಕ್ಕ ವಿಷಯಕ್ಕೆ, ತಕ್ಕವರ ಮೇಲೆ, ತಕ್ಕ ರೀತಿಯಲ್ಲಿ, ತಕ್ಕ ಹೊತ್ತಿನಲ್ಲಿ, ಎಷ್ಟು ಕಾಲ ಬೇಕೋ ಅಷ್ಟು ಕಾಲ. ಕೊತ್ತಿಯ ಪ್ರಕರಣದಲ್ಲಿ "ಯಾರ ಮೇಲೆ" ಅನ್ನುವುದೇ ಕೆಟ್ಟಿತು.

ಮಲ್ಲಿಗೆಹಂಬು ಅವರೇ, ನೀವು ಓದಿರುವುದು ನಾಲ್ಕನೆಯ ಪುಸ್ತಕದ ಐದನೆಯ ಅಧ್ಯಾಯ (ಆ ಗ್ರಂಥದ ಭಾಗಗಳಿಗೇ ಪುಸ್ತಕ ಅಂತ ಹೆಸರು). ನಾನು ಮೂವತ್ತು ವರ್ಷ ಇದನ್ನು ಪಾಠ ಮಾಡಿದ್ದೇನೆ. ವಿದ್ಯಾರ್ಥಿಗಳು ಎದ್ದು ಕೂರುತ್ತಿದ್ದದ್ದು ಈ ಅಧ್ಯಾಯಕ್ಕೇ. ಉಳಿದದ್ದಕ್ಕೆ ನಿದ್ದೆ.

ಓದದವರಿಗೆ ಎರಡು ಮಾತು. ಕ್ರಿಸ್ತಪೂರ್ವ 384ರಲ್ಲಿ ಸ್ಟಾಗಿರಾ ಎಂಬ ಊರಿನಲ್ಲಿ ಹುಟ್ಟಿದ ಈ ಮನುಷ್ಯ, ಆಮೇಲೆ ಅಥೆನ್ಸಿನಲ್ಲಿ ಲೈಸಿಯಂ ಎಂಬ ಶಾಲೆ ನಡೆಸಿದ. "ಯಾವ ನಿಯಮ ಪಾಲಿಸಬೇಕು" ಅನ್ನುವುದು ಅವನ ಮೊದಲ ಪ್ರಶ್ನೆಯಲ್ಲ. ಎಂಥ ಮನುಷ್ಯನಾದರೆ ಬಾಳು ಚೆನ್ನಾಗಿ ನಡೆಯುತ್ತದೆ ಅಂತ ಕೇಳಿದ. ಯುಡೈಮೋನಿಯಾ ಅನ್ನುವ ಅವನ ಮಾತನ್ನು ಎಲ್ಲರೂ "ಸುಖ" ಅಂತ ಅನುವಾದಿಸಿ ಕೆಡಿಸುತ್ತಾರೆ. ನಮ್ಮ ಕಡೆ "ಬಾಳಿ ಬದುಕಿದವರು" ಅಂತಾರಲ್ಲ, ಅದು ಹತ್ತಿರ. ಒಂದು ದಿನದ ಖುಷಿಗೆ ಯಾರನ್ನೂ ಬಾಳಿ ಬದುಕಿದವರು ಅನ್ನುವುದಿಲ್ಲ. ಅವನೂ ಹಾಗೇ ಹೇಳಿದ, ಬಾಳನ್ನು ಇಡಿಯಾಗಿ ನೋಡಬೇಕು ಅಂತ.

ಗುಣ ಎಂದರೆ ಎರಡು ದೋಷಗಳ ನಡುವಿನ ಜಾಗ ಅಂತ ಅವನ ಲೆಕ್ಕ. ಇದನ್ನು ಕೇಳಿದವರು ಸ್ಕೇಲ್ ಹಿಡಿದು ನಟ್ಟನಡುವೆ ಗೆರೆ ಎಳೆಯುತ್ತಾರೆ. ಅವನೇ ಅದಕ್ಕೆ ಮಿಲೋ ಎಂಬ ಪೈಲ್ವಾನನ ಉದಾಹರಣೆ ಕೊಟ್ಟಿದ್ದಾನೆ. ಹತ್ತು ಪೌಂಡ್ ಊಟ ಜಾಸ್ತಿ, ಎರಡು ಪೌಂಡ್ ಕಡಿಮೆ ಅಂದ ಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಪೌಂಡ್ ಬಡಿಸುವುದಿಲ್ಲ. ಮಿಲೋಗೆ ಆರು ಸಾಲದು, ಹೊಸಬನಿಗೆ ಆರು ಜಾಸ್ತಿ. ಕನ್ನಡದಲ್ಲಿ ಇದಕ್ಕೆ ಎಂಥ ಒಳ್ಳೆಯ ಮಾತಿದೆ ನೋಡಿ: ಹದ. ಪಾಕದ ಹದ, ಹಿಟ್ಟಿನ ಹದ, ಬಿತ್ತನೆಗೆ ಮಣ್ಣಿನ ಹದ. ಯಾವುದನ್ನೂ ಅಳತೆಪಟ್ಟಿಯಲ್ಲಿ ನೋಡುವುದಿಲ್ಲ. ಒಂದೆಳೆ ಪಾಕ ಬಂತಾ ಇಲ್ಲವಾ ಅಂತ ಹೆಬ್ಬೆರಳು ತೋರುಬೆರಳಿಗೆ ಗೊತ್ತಾಗುತ್ತದೆ, ಅದೂ ಹತ್ತು ಸಲ ಸೀದ ಮೇಲೆ. ಆ ಬೆರಳಿನ ತಿಳಿವಳಿಕೆಗೆ ಅವನು ಫ್ರೊನೆಸಿಸ್ ಅಂದ. ನಾನು ಪಾಠದಲ್ಲಿ "ವ್ಯವಹಾರ ವಿವೇಕ" ಅಂತ ಹೇಳುತ್ತಿದ್ದೆ. ಈಗ ಹೇಳುವುದಾದರೆ ಹದ ಬಲ್ಲತನ ಅನ್ನುತ್ತಿದ್ದೆ.

ಪುಕ್ಕಲುತನವಾ ಅಂತ ಕೇಳಿದಿರಿ. ನಾಳೆ ಬರೆಯುತ್ತೇನೆ. ಕಣ್ಣು ಎಳೆಯುತ್ತಿದೆ.

ಚಳಿಯೂರು · ಮಂಗಳವಾರ, ಬೆಳಿಗ್ಗೆ 6:15

ನಾನು ಇರುವುದು ಕೆನಡಾದಲ್ಲಿ, ಊರು ಶಿವಮೊಗ್ಗ ಕಡೆ. ಮೇಷ್ಟ್ರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮೆ ಇರಲಿ.

ಅಕ್ಕಾ, ಅರಿಸ್ಟಾಟಲನನ್ನು ಈ ವಿಷಯದಲ್ಲಿ ನಂಬಬೇಡಿ. ಅವನ ಮೂರೂವರೆ ಶತಮಾನದ ನಂತರ ರೋಮಿನಲ್ಲಿ ಸೆನೆಕಾ ಎಂಬ ಚಿಂತಕ ಬಂದ. ಸಿಟ್ಟಿನ ಮೇಲೇ ಮೂರು ಭಾಗದ ಪುಸ್ತಕ ಬರೆದ, ತನ್ನ ಅಣ್ಣನಿಗೆ ಹೇಳುವ ಹಾಗೆ. ಸಿಟ್ಟು ಅಂದರೆ ಕೊಂಚ ಹೊತ್ತಿನ ಹುಚ್ಚು ಅಂತ ಅವನ ಮತ. ಹುಚ್ಚಿನಲ್ಲಿ ಹದದ ಹುಚ್ಚು ಅಂತ ಇರುತ್ತದಾ? ಸಿಟ್ಟನ್ನು ದಂಡನಾಯಕನಾಗಿ ಇಟ್ಟುಕೊಳ್ಳಬೇಡಿ, ಸಿಪಾಯಿಯಾಗಿ ಇಟ್ಟುಕೊಳ್ಳಿ ಅನ್ನುವುದು ಅರಿಸ್ಟಾಟಲನ ಕಡೆಯವರ ವಾದ ಅಂತ ಹೇಳಿ, ಸೆನೆಕಾ ಅದನ್ನು ಹೀಗೆ ಹೊಡೆದು ಹಾಕುತ್ತಾನೆ: ಹೇಳಿದ ಮಾತು ಕೇಳಿದರೆ ಅದು ಸಿಟ್ಟೇ ಅಲ್ಲ. ಕೇಳದಿದ್ದರೆ ಅಂಥ ಸಿಪಾಯಿ ಯಾವ ಕೆಲಸಕ್ಕೂ ಬಾರದು.

ಪ್ಲೇಟೋ ಬಗ್ಗೆ ಒಂದು ಕಥೆಯನ್ನೂ ಹೇಳುತ್ತಾನೆ. ಆಳಿನ ಮೇಲೆ ಸಿಟ್ಟು ಬಂದು ಪ್ಲೇಟೋ ಕೈ ಎತ್ತಿದ. ತನಗೆ ಸಿಟ್ಟು ಬಂದಿದೆ ಅಂತ ಹೊಳೆದ ಕೂಡಲೇ ಕೈಯನ್ನು ಹಾಗೇ ಮೇಲೆ ಹಿಡಿದು ನಿಂತುಬಿಟ್ಟ. ಯಾರೋ ಗೆಳೆಯ ಬಂದು ಏನಯ್ಯಾ ಇದು ಅಂತ ಕೇಳಿದಾಗ, ಸಿಟ್ಟುಗೊಂಡ ಒಬ್ಬನಿಗೆ ಶಿಕ್ಷೆ ಕೊಡುತ್ತಿದ್ದೇನೆ ಅಂದನಂತೆ. ಸಿಟ್ಟಿಗೆ ದೊಡ್ಡ ಮದ್ದು ತಡಮಾಡುವುದು. ನಾನು ಎರಡು ವರ್ಷದಿಂದ ಇದನ್ನೇ ಪಾಲಿಸುತ್ತಿದ್ದೇನೆ. ಆಫೀಸಿನ ಮೇಲ್‌ಗೆ ಸಿಟ್ಟಿನಲ್ಲಿ ಉತ್ತರ ಬರೆದರೂ ಬೆಳಗಾಗುವವರೆಗೆ ಕಳಿಸುವುದಿಲ್ಲ.

ನಮ್ಮ ಬಸವಣ್ಣನವರೂ ಅದನ್ನೇ ಹೇಳಿದ್ದು, ಅಲ್ವಾ? ಮನೆಯೊಳಗಿನ ಕಿಚ್ಚು ಆ ಮನೆಯನ್ನು ಸುಡದೆ ಪಕ್ಕದ ಮನೆಯನ್ನು ಸುಡುವುದಿಲ್ಲ ಅಂತ. ನಿಮಗೆ ಸಿಟ್ಟು ಬರಲಿಲ್ಲ ಅಂದರೆ ನಿಮ್ಮ ಮನೆ ಸುಡಲಿಲ್ಲ. ಅದಕ್ಕೆ ಯಾಕೆ ಕೊರಗುತ್ತೀರಿ?

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 8:30

ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಾ ಓದಿದೆ. ನಾನು ನರ್ಸ್.

ಚಳಿಯೂರು ಅವರೇ, ಮನೆ ಸುಡಲಿಲ್ಲ ಅಂದಿರಿ. ಸುಟ್ಟಿತಲ್ಲ! ಸಂಜೆ ಏಳು ಗಂಟೆಗೆ, ಮಗುವಿನ ಮೇಲೆ. ಅಕ್ಕನಿಗೆ ಸಿಟ್ಟು ಬರಲಿಲ್ಲ ಅಂತ ಯಾರು ಹೇಳಿದ್ದು? ಬಂದಿತ್ತು. ಹೊರಗೆ ಬಂದಿದ್ದು ಎಂಟು ಗಂಟೆ ತಡವಾಗಿ, ಅಷ್ಟೇ.

ಹಳೇಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 9:20

ರಾತ್ರಿಪಾಳಿಯವರೇ, ನಾನು ಒಂದು ಪುಟದಲ್ಲಿ ಹೇಳಬೇಕು ಅಂದುಕೊಂಡಿದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಟ್ಟಿರಿ.

ಆ ಅಧ್ಯಾಯದಲ್ಲಿ ಸಿಟ್ಟಿನವರಲ್ಲಿ ಬೇರೆ ಬೇರೆ ಜಾತಿ ಇದೆ. ಒಬ್ಬರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಭಗ್ ಅಂತ ಹತ್ತಿಕೊಂಡು ಅಷ್ಟೇ ಬೇಗ ಆರುತ್ತದೆ. ಒಳಗೆ ಏನೂ ಇಟ್ಟುಕೊಳ್ಳುವುದಿಲ್ಲ, ಅದೇ ಅವರಲ್ಲಿರುವ ಒಳ್ಳೆಯದು ಅನ್ನುತ್ತಾನೆ. ಇನ್ನು ಕೆಲವರು ಎದುರಿನವರಿಗೆ ಶಿಕ್ಷೆ ಆಗುವವರೆಗೆ ಬಿಡದ ಬಿರುಸಿನ ಜನ. ಇವರ ನಡುವೆ ಅವನು "ಕಹಿ" ಅಂತ ಕರೆಯುವ ಒಂದು ಗುಂಪಿದೆ. ಇವರು ಸಿಟ್ಟನ್ನು ನುಂಗಿಕೊಂಡು ಬಹಳ ಕಾಲ ಇಟ್ಟುಕೊಳ್ಳುತ್ತಾರೆ. ಹೊರಗೆ ಕಾಣುವುದಿಲ್ಲವಾದ್ದರಿಂದ ಸಮಾಧಾನ ಹೇಳಲು ಯಾರೂ ಬರುವುದಿಲ್ಲ. ಒಬ್ಬರೇ ಅದನ್ನು ಅರಗಿಸಿಕೊಳ್ಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ತಮಗೂ ತಮ್ಮ ತೀರಾ ಹತ್ತಿರದವರಿಗೂ ಇವರಷ್ಟು ಕಾಟ ಯಾರೂ ಇಲ್ಲ. ಬರೆದದ್ದು 2300 ವರ್ಷದ ಹಿಂದೆ. ಟಿಫನ್ ಡಬ್ಬಿಯ ಮುಚ್ಚಳವೊಂದು ಅದರಲ್ಲಿಲ್ಲ.

ಮಲ್ಲಿಗೆಹಂಬು ಅವರೇ, ನೀವು "ಸಿಟ್ಟೇ ಬಾರದ ಪೆದ್ದರ" ಸಾಲಿನಲ್ಲಿ ನಿಮ್ಮನ್ನು ಹುಡುಕಿದಿರಿ. ಪಕ್ಕದ ಸಾಲು ನೋಡಿ.

ಇನ್ನು ಬಸವಣ್ಣನವರ ವಚನ. ಅದು ಶುರುವಾಗುವುದು ನಮ್ಮ ಮೇಲೆ ಮುನಿದವರ ಮೇಲೆ ನಾವ್ಯಾಕೆ ಮುನಿಯಬೇಕು ಅಂತ. ತನಗಾದ ನೋವಿನ ಮಾತು ಅದು. ಇಲ್ಲಿ ಬೈಸಿಕೊಂಡವರು ಬೇರೆಯವರು. ನನಗಾದ ಅವಮಾನ ನುಂಗುವುದು ದೊಡ್ಡತನ ಇರಬಹುದು. ಇನ್ನೊಬ್ಬರಿಗಾದ ಅವಮಾನವನ್ನು ನಾನು ನುಂಗಿದರೆ ಅದಕ್ಕೆ ಏನು ಹೆಸರು?

ಮಲ್ಲಿಗೆಹಂಬು · ಮಂಗಳವಾರ, ಮಧ್ಯಾಹ್ನ 1:10

ಊಟದ ಬಿಡುವಿನಲ್ಲಿ ಓದಿದೆ ಮೇಷ್ಟ್ರೇ. "ಕಹಿ" ಅನ್ನುವ ಪದ ನೋಡಿ ಕೈ ನಿಂತುಹೋಯಿತು. ಹಸು ಅನ್ನಿಸಿಕೊಂಡು ಇಷ್ಟು ವರ್ಷ ಒಳಗೆ ಹಾಗಲಕಾಯಿ ಬೆಳೆಸಿದ್ದೇನೆ.

ಒಗ್ಗರಣೆ · ಮಂಗಳವಾರ, ಮಧ್ಯಾಹ್ನ 1:14

ಹಾಗಲಕಾಯಿಗೆ ಹುಣಸೆಹಣ್ಣು ಬೆಲ್ಲ ಬಿದ್ದರೆ ಗೊಜ್ಜು ಚೆನ್ನಾಗಿಯೇ ಆಗುತ್ತದೆ ಮೇಡಂ. (ನಿನ್ನೆ ಹಾಗೆ ಬರೆದಿದ್ದಕ್ಕೆ ಸಾರಿ. ಅಷ್ಟು ನೋವಿನಲ್ಲಿ ಬರೆದಿದ್ದೀರಿ ಅಂತ ಗೊತ್ತಾಗಲಿಲ್ಲ.)

ಸೀಟಿಕಂಡಕ್ಟರ್ · ಮಂಗಳವಾರ, ರಾತ್ರಿ 9:45

ನಾನು ಬಸ್ ಕಂಡಕ್ಟರ್, 19 ವರ್ಷ ಸರ್ವೀಸ್. ಫಿಲಾಸಫಿ ಗೊತ್ತಿಲ್ಲ. ಸಿಟ್ಟಿನ ವಿಷಯದಲ್ಲಿ ಮಾತ್ರ ನನಗೆ ಡಿಗ್ರಿ ಕೊಡಬಹುದು.

ಮೊದಲ ಎರಡು ವರ್ಷ ದಿನಾ ಜಗಳ. 12 ರೂಪಾಯಿ ಟಿಕೆಟ್ಟಿಗೆ 500ರ ನೋಟು ಕೊಡುವವರು, ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟರೆ ಮುಖಕ್ಕೇ ಬೈಯುವವರು. ರಾತ್ರಿ ಮನೆಗೆ ಹೋದರೆ ಗಂಟಲು ಕಟ್ಟಿರುತ್ತಿತ್ತು. ಆಗ ಒಬ್ಬರು ಹಿರಿಯ ಕಂಡಕ್ಟರ್ ಹೇಳಿದರು: "ಸಿಟ್ಟು ಬಂದ ಕೂಡಲೇ ಬ್ಯಾಗಿಗೆ ಕೈ ಹಾಕು. ಹತ್ತು ನಾಣ್ಯ ಎಣಿಸು. ಆಮೇಲೆ ಬಾಯಿ ತೆಗಿ." ಮೊದಮೊದಲು ನಾಟಕ ಮಾಡಿದ ಹಾಗೆ ಅನ್ನಿಸುತ್ತಿತ್ತು. ಒಳಗೆ ಕುದಿಯುತ್ತಲೇ ಎಣಿಸುತ್ತಿದ್ದೆ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ನೋಡುತ್ತೇನೆ, ಕೈ ಬ್ಯಾಗಿಗೆ ಹೋಗುವ ಮೊದಲೇ ಸಿಟ್ಟು ಇಳಿದಿತ್ತು. ಯಾವಾಗ ಬದಲಾಯಿತು ಅಂತ ಗೊತ್ತಿಲ್ಲ. ಸಿಟ್ಟು ಅಂದರೆ ನೀರು ನೋಡದೆ ಹಾರುವ ಕೆಲಸ, ಅಷ್ಟೇ. 500ರ ನೋಟು ಕೊಟ್ಟ ಅಜ್ಜಿಯೊಬ್ಬರ ಬಳಿ ಇದ್ದದ್ದು ಅದೊಂದೇ ನೋಟು, ಪಿಂಚಣಿಯದ್ದು. ಎಣಿಸುವ ಹೊತ್ತಿನಲ್ಲಿ ಅದು ಕಾಣುತ್ತದೆ.

ಆದರೆ ಒಂದು ಮಾತು. ಹೋದ ವರ್ಷ ಕುಡಿದವನೊಬ್ಬ ಕಾಲೇಜು ಹುಡುಗಿಗೆ ಮೈ ತಾಗಿಸಿಕೊಂಡು ನಿಂತಿದ್ದ. ಅವಳು ಸರಿದಷ್ಟೂ ಸರಿಯುತ್ತಿದ್ದ. ಅವತ್ತು ನಾಣ್ಯ ಎಣಿಸಲಿಲ್ಲ. ಸೀಟಿ ಹೊಡೆದು ಬಸ್ ನಿಲ್ಲಿಸಿ, ಕಾಲರ್ ಹಿಡಿದು ಇಳಿಸಿದೆ. ಆ ಸಿಟ್ಟಿನ ಬಗ್ಗೆ ನನಗೆ ಇವತ್ತಿಗೂ ಬೇಸರ ಇಲ್ಲ. ಸೆನೆಕಾ ಸಾಹೇಬರು ಏನಂತಾರೆ?

ಹಳೇಮೇಷ್ಟ್ರು · ಮಂಗಳವಾರ, ರಾತ್ರಿ 10:30

ಕಂಡಕ್ಟರ್ ಸಾಹೇಬರೇ, ಫಿಲಾಸಫಿ ಗೊತ್ತಿಲ್ಲ ಅಂದಿರಿ. ಮನೆ ಕಟ್ಟುತ್ತಾ ಕಟ್ಟುತ್ತಾ ಮೇಸ್ತ್ರಿಯಾಗುವ ಹಾಗೆ, ತಂತಿ ಮೀಟುತ್ತಾ ಮೀಟುತ್ತಾ ವಾದ್ಯಗಾರನಾಗುವ ಹಾಗೆ, ಧೈರ್ಯದ ಕೆಲಸ ಮಾಡುತ್ತಾ ಮಾಡುತ್ತಾ ಧೈರ್ಯವಂತರಾಗುತ್ತೇವೆ. ಇದು ಎರಡನೆಯ ಪುಸ್ತಕದ ಮೊದಲ ಅಧ್ಯಾಯ. ನೀವು ನಾಣ್ಯ ಎಣಿಸುತ್ತಾ ಬರೆದಿದ್ದೂ ಅದನ್ನೇ.

ನೀರು ನೋಡದೆ ಹಾರುವುದು ಅಂದಿರಿ. ಏಳನೆಯ ಪುಸ್ತಕದಲ್ಲಿ ಅವನೂ ಎರಡು ಚಿತ್ರ ಕೊಡುತ್ತಾನೆ. ಸಿಟ್ಟು ಅವಸರದ ಆಳಿನಂತೆ: ಯಜಮಾನ ಮಾತು ಮುಗಿಸುವ ಮೊದಲೇ ಓಡಿಹೋಗಿ ಕೆಲಸ ಕೆಡಿಸಿಕೊಂಡು ಬರುತ್ತದೆ. ಇಲ್ಲವೇ ಮನೆ ನಾಯಿಯಂತೆ: ಬಾಗಿಲು ತಟ್ಟಿದ ಸದ್ದಿಗೇ ಬೊಗಳುತ್ತದೆ, ಬಂದವರು ಗುರುತಿನವರಾ ಅಂತ ನೋಡುವುದಿಲ್ಲ. ಅಂದರೆ ಸಿಟ್ಟು ಬುದ್ಧಿಯ ಮಾತನ್ನು ಕೇಳಿಸಿಕೊಳ್ಳುತ್ತದೆ, ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಆಸೆಗೆ ಸೋಲುವುದಕ್ಕಿಂತ ಸಿಟ್ಟಿಗೆ ಸೋಲುವುದು ಕಡಿಮೆ ನಾಚಿಕೆಗೇಡು ಅನ್ನುತ್ತಾನೆ. ನಾಯಿಯನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಗುರುತು ಹಿಡಿಯುವುದನ್ನು ಕಲಿಸಿದರೆ ಸಾಕು.

ಮಲ್ಲಿಗೆಹಂಬು ಅವರ ಎರಡನೆಯ ಪ್ರಶ್ನೆ ಬಾಕಿ ಇದೆ. ಹುಟ್ಟುಗುಣ ಸುಟ್ಟರೂ ಹೋಗದು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತೆಲ್ಲ ನಮ್ಮಲ್ಲಿದೆ. ಚಿಕ್ಕಂದಿನ ಅಭ್ಯಾಸವೇ ಬಹುಪಾಲು ಎಲ್ಲ ಅಂತ ಅವನೂ ಒಪ್ಪುತ್ತಾನೆ. ಆದರೆ ಸೊಟ್ಟಗಾದ ಮರದ ತುಂಡನ್ನು ನೆಟ್ಟಗೆ ಮಾಡುವವರನ್ನು ನೋಡಿ ಅಂತಲೂ ಹೇಳುತ್ತಾನೆ. ಅವರು ಅದನ್ನು ಬರೀ ನೇರ ಮಾಡಿ ಬಿಡುವುದಿಲ್ಲ, ಎದುರು ದಿಕ್ಕಿಗೆ ಬಗ್ಗಿಸಿ ಹಿಡಿಯುತ್ತಾರೆ. ನೀವು ಸುಮ್ಮನಿರುವ ಕಡೆಗೆ ಬಗ್ಗಿದ ಮರ. ಕೆಲವು ದಿನ ಜಾಸ್ತಿ ಮಾತಾಡಿದ ಹಾಗೆ ಅನ್ನಿಸುವಷ್ಟು ಮಾತಾಡಿ ನೋಡಿ. ನಿಮಗೆ ಅತಿ ಅನ್ನಿಸಿದ್ದು ಹೊರಗಿನವರಿಗೆ ಹದ ಅನ್ನಿಸಬಹುದು.

ಚಳಿಯೂರು · ಬುಧವಾರ, ಬೆಳಿಗ್ಗೆ 5:50

ಕಂಡಕ್ಟರ್ ಅಣ್ಣಾ, ಸೆನೆಕಾ ಇದಕ್ಕೂ ಉತ್ತರ ಕೊಟ್ಟಿದ್ದಾನೆ. ಕಣ್ಣೆದುರೇ ತಂದೆಯನ್ನು ಕೊಂದರೂ ಒಳ್ಳೆಯವನಿಗೆ ಸಿಟ್ಟು ಬರಬಾರದಾ ಅಂತ ಯಾರೋ ಕೇಳಿದ ಹಾಗೆ ತಾನೇ ಬರೆದುಕೊಂಡು, ಕಾಪಾಡುತ್ತಾನೆ, ಬೇಕಾದ್ದನ್ನು ಮಾಡುತ್ತಾನೆ, ಅದು ಕರ್ತವ್ಯ ಅಂತ ಮಾಡುತ್ತಾನೆ, ಸಿಟ್ಟಿಲ್ಲದೆ ಮಾಡುತ್ತಾನೆ ಅನ್ನುತ್ತಾನೆ. ನೀವು ಸಿಟ್ಟಿಲ್ಲದೆಯೂ ಅವನನ್ನು ಇಳಿಸಬಹುದಿತ್ತು.

ಸೀಟಿಕಂಡಕ್ಟರ್ · ಬುಧವಾರ, ಬೆಳಿಗ್ಗೆ 6:20

ಇಳಿಸಬಹುದಿತ್ತು. ಮುಂದಿನ ಸ್ಟಾಪಿನಲ್ಲಿ.

ಕೆರೆದಂಡೆ · ಬುಧವಾರ, ಸಂಜೆ 7:05

ಎರಡು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ, ಆದರೆ ಒಂದು ಸಾಲು ಯಾರೂ ಮುಟ್ಟುತ್ತಿಲ್ಲ. ಮೇಷ್ಟ್ರು ಹೇಳಿದ ಅದೇ ಅಧ್ಯಾಯದಲ್ಲಿ ಇದೆ. ತನಗಾದ ಅವಮಾನವನ್ನು ಸಹಿಸಿಕೊಳ್ಳುವುದು, ತನ್ನವರಿಗಾದದ್ದನ್ನು ನೋಡಿಯೂ ಸುಮ್ಮನಿರುವುದು "ಗುಲಾಮನ ಗುಣ" ಅನ್ನುತ್ತಾನೆ ಅರಿಸ್ಟಾಟಲ್. ಇದೇ ಮನುಷ್ಯ ಇನ್ನೊಂದು ಪುಸ್ತಕದಲ್ಲಿ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ವಾದ ಮಾಡಿದ್ದಾನೆ. ಸೆನೆಕಾ ಸಾಹೇಬರ ಕಥೆಯಲ್ಲೂ ನೋಡಿ, ಪ್ಲೇಟೋ ಕೈ ಎತ್ತಿ ನಿಂತಿದ್ದು ದೊಡ್ಡ ಸಂಯಮ ಅಂತ 2000 ವರ್ಷದಿಂದ ಹೇಳುತ್ತಿದ್ದಾರೆ. ಆ ಕೈ ಕೆಳಗೆ ನಿಂತಿದ್ದ ಆಳಿನ ಸಿಟ್ಟು ಏನಾಯಿತು? ಅವನ ಹೆಸರೂ ಇಲ್ಲ.

ನಮ್ಮಪ್ಪ ಒಂದು ಗಾದೆ ಹೇಳುತ್ತಿದ್ದರು, ಬಡವನ ಕೋಪ ದವಡೆಗೆ ಮೂಲ. ಅದು ಬುದ್ಧಿಮಾತಲ್ಲ, ಎಚ್ಚರಿಕೆ. ಹದದ ಸಿಟ್ಟು ತೋರಿಸುವುದಕ್ಕೆ ಮೊದಲು ಸಿಟ್ಟು ತೋರಿಸಿಯೂ ಕೆಲಸದಲ್ಲಿ ಉಳಿಯುವ ಅನುಕೂಲ ಬೇಕು. ಸುಮ್ಮನಿದ್ದವರನ್ನೆಲ್ಲ ಪೆದ್ದರು, ಗುಲಾಮರು ಅನ್ನುವುದು ಉಂಡವರ ಮಾತು.

ಹಾಗಂತ ಸಿಟ್ಟೇ ಬೇಡ ಅನ್ನುವ ಚಳಿಯೂರು ಅವರ ಮಾತು ನನಗೆ ಇನ್ನೂ ದೂರ. 1920ರಲ್ಲಿ ಅಂಬೇಡ್ಕರ್ ಪತ್ರಿಕೆ ಶುರು ಮಾಡಿದಾಗ ಇಟ್ಟ ಹೆಸರು ಮೂಕನಾಯಕ. ಮಾತು ಸತ್ತವರ ನಾಯಕ. ಒಳಗೆ ಸಿಟ್ಟಿಲ್ಲದೆ ಆ ಹೆಸರು ಹೊಳೆಯುತ್ತದಾ? 1927ರ ಮಾರ್ಚ್ 20ರಂದು, ದಲಿತರಿಗೆ ನೀರು ಮುಟ್ಟಲು ಬಿಡದಿದ್ದ ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಿದರು. ಪುರಸಭೆ ಆ ಕೆರೆ ಎಲ್ಲರಿಗೂ ಸೇರಿದ್ದು ಅಂತ ಮೊದಲೇ ತೀರ್ಮಾನ ಮಾಡಿತ್ತು, ಕಾಗದದ ಮೇಲೆ. ಆಮೇಲೆ ಊರಿನವರು ಬಂದವರ ಮೇಲೆ ಬಿದ್ದು ಹೊಡೆದರು. ತಿರುಗಿ ಹೊಡೆಯಲು ತಯಾರಿದ್ದ ತಮ್ಮವರನ್ನು ಅಂಬೇಡ್ಕರ್ ತಡೆದರು. ಸಿಟ್ಟು ಆರಿಹೋಯಿತಾ? ಇಲ್ಲ. ಅದೇ ವರ್ಷ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿ ಸುಟ್ಟರು. ಕೆರೆಯ ಕೇಸು ಕೋರ್ಟಿನಲ್ಲಿ ನಡೆದು, ಬಾಂಬೆ ಹೈಕೋರ್ಟಿನಲ್ಲಿ ಗೆದ್ದಿದ್ದು 1937ರಲ್ಲಿ. "ಎಷ್ಟು ಕಾಲ ಬೇಕೋ ಅಷ್ಟು ಕಾಲ" ಅಂದಿರಲ್ಲ ಮೇಷ್ಟ್ರೇ. ಹತ್ತು ವರ್ಷ.

ಹಳೇಮೇಷ್ಟ್ರು · ಬುಧವಾರ, ರಾತ್ರಿ 8:40

ಒಪ್ಪಿದೆ. ಆ ಸಾಲನ್ನು ನಾನು ಪಾಠದಲ್ಲೂ "ದೀನತೆ" ಅಂತ ನಯ ಮಾಡಿ ಹೇಳುತ್ತಿದ್ದೆ. ಗುಲಾಮ ಅನ್ನುವ ಪದ ಬಳಸುತ್ತಿರಲಿಲ್ಲ. ಯಾಕೆ ಅಂತ ಈಗ ಯೋಚಿಸುತ್ತಿದ್ದೇನೆ.

ಒಂದನ್ನು ಮಾತ್ರ ಸೇರಿಸಬೇಕು. ನೀವು ಹೇಳಿದ ಹತ್ತು ವರ್ಷದ ಸಿಟ್ಟು ಅರಿಸ್ಟಾಟಲನ ಪರೀಕ್ಷೆಯನ್ನು ಅವನ ಊರಿನ ದೊಡ್ಡ ಮನುಷ್ಯರಿಗಿಂತ ಚೆನ್ನಾಗಿ ಪಾಸು ಮಾಡುತ್ತದೆ. ಅಳತೆಗೋಲು ಸರಿ ಇತ್ತು, ಯಾರನ್ನು ಅಳೆಯಬೇಕು ಅನ್ನುವುದು ಅವನಿಗೆ ಕಾಣಲಿಲ್ಲ.

ರಾತ್ರಿಪಾಳಿ · ಗುರುವಾರ, ಬೆಳಿಗ್ಗೆ 8:50

ಎಲ್ಲರೂ ಗುಣ, ಗುಣ ಅನ್ನುತ್ತಿದ್ದೀರಿ. ನನಗೆ ಗುಣದ ಮೇಲೇ ಸ್ವಲ್ಪ ಅನುಮಾನ.

ನರ್ಸಿಂಗ್ ಓದುವಾಗ ಸೈಕಾಲಜಿ ಮೇಡಂ ಒಂದು ಪ್ರಯೋಗದ ಬಗ್ಗೆ ಹೇಳಿದ್ದರು. 1973ರಲ್ಲಿ ಪ್ರಕಟವಾಗಿದ್ದು, ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವವರದ್ದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಜನರನ್ನು ಭಾಷಣ ಮಾಡಲು ಪಕ್ಕದ ಕಟ್ಟಡಕ್ಕೆ ಕಳಿಸಿದರು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದಿದ್ದವನಿಗೆ ಸಹಾಯ ಮಾಡಿದ ಬೈಬಲ್ಲಿನ ಸಮಾರ್ಯದವನ ಕಥೆಯೇ. ದಾರಿಯಲ್ಲಿ ಒಬ್ಬನನ್ನು ಕೆಮ್ಮುತ್ತಾ ನರಳುತ್ತಾ ಕೂರಿಸಿದ್ದರು. ಅವಸರ ಇಲ್ಲದವರಲ್ಲಿ 63 ಶೇಕಡಾ ಜನ ಸಹಾಯಕ್ಕೆ ಹೋದರು. "ಲೇಟ್ ಆಯಿತು, ಓಡಿ" ಅಂತ ಕಳಿಸಿದವರಲ್ಲಿ 10 ಶೇಕಡಾ. ಯಾರ ಮನಸ್ಸಿನಲ್ಲಿ ಯಾವ ಕಥೆ ಇತ್ತು ಅನ್ನುವುದಕ್ಕಿಂತ ಗಡಿಯಾರ ದೊಡ್ಡದಾಯಿತು.

ನನಗೆ ಇದು ದಿನಾ ಕಾಣುತ್ತದೆ. ವಾರ್ಡಿನಲ್ಲಿ ರಾತ್ರಿ ಹತ್ತು ಗಂಟೆಗೆ ನಾನು ದೇವತೆ. ಬೆಳಗಿನ ನಾಲ್ಕಕ್ಕೆ ಅದೇ ಪೇಷಂಟ್ ಅದೇ ನೀರು ಕೇಳಿದರೆ ನನ್ನ ದನಿ ನನಗೇ ಗುರುತು ಸಿಗುವುದಿಲ್ಲ. ಗುಣ ಬದಲಾಯಿತಾ ಆರು ಗಂಟೆಯಲ್ಲಿ? ಒಬ್ಬಳೇ ಮೂವತ್ತು ಹಾಸಿಗೆ ನೋಡುತ್ತಿರುತ್ತೇನೆ. ಅಕ್ಕಾ, ನೀವು ಮಗನಿಗೆ ಬೈದ ಹೊತ್ತಿನಲ್ಲಿ ಹೊಟ್ಟೆಗೆ ಏನು ಬಿದ್ದಿತ್ತು? ಮೊದಲು ಅದನ್ನು ಕೇಳಬೇಕಿತ್ತು ನಾವು.

ಮಲ್ಲಿಗೆಹಂಬು · ಗುರುವಾರ, ಮಧ್ಯಾಹ್ನ 1:25

ಅವತ್ತು ಮಧ್ಯಾಹ್ನ ಊಟ ಮಾಡಿರಲಿಲ್ಲ. ಸೇರಲಿಲ್ಲ.

ಹಳೇಮೇಷ್ಟ್ರು · ಗುರುವಾರ, ಮಧ್ಯಾಹ್ನ 3:00

ಆ ಪ್ರಯೋಗ ನಮ್ಮ ಶಾಸ್ತ್ರದವರಿಗೆ ದೊಡ್ಡ ತಲೆನೋವು. 1958ರಲ್ಲಿ ಎಲಿಜಬೆತ್ ಆನ್ಸ್‌ಕಂಬ್ ಎಂಬ ಇಂಗ್ಲೆಂಡಿನ ಚಿಂತಕಿ ಒಂದು ಪ್ರಬಂಧ ಬರೆದು, ನೀತಿ ಅಂದರೆ ಬರೀ ನಿಯಮ ಮತ್ತು ಲಾಭನಷ್ಟದ ಲೆಕ್ಕ ಅನ್ನುವ ಚಿಂತನೆಯನ್ನು ತರಾಟೆಗೆ ತೆಗೆದುಕೊಂಡರು. ಗುಣದ ಮಾತು ಮತ್ತೆ ಜೀವ ಪಡೆಯಿತು. ಅದು ತಲೆ ಎತ್ತಿ ನಿಲ್ಲುವಷ್ಟರಲ್ಲಿ ಮನಶ್ಶಾಸ್ತ್ರದವರು ಇಂಥ ಪ್ರಯೋಗ ತಂದು ಮುಂದಿಟ್ಟರು.

ನನ್ನ ಉತ್ತರ ಸರಳ. ಅವಸರದಲ್ಲೂ ನಿಂತ ಆ 10 ಶೇಕಡಾ ಜನರ ಬಗ್ಗೆ ಅರಿಸ್ಟಾಟಲ್ ಬರೆಯುತ್ತಿದ್ದ. ಉಳಿದ ನಾವು ಕಲಿಯುವವರು. ಕಲಿಯುವವರಿಗೆ ಊಟ, ನಿದ್ದೆ, ಜೊತೆಗೆ ಇನ್ನೊಬ್ಬ ನರ್ಸ್ ಬೇಕು. ಒಳ್ಳೆಯ ಬಾಳಿಗೆ ಗುಣವೊಂದೇ ಸಾಲದು, ಹೊರಗಿನ ಅನುಕೂಲವೂ ಬೇಕು ಅಂತ ಅವನೂ ಹೇಳಿದ್ದಾನೆ. ಚಳಿಯೂರು ಅವರ ಸ್ಟೋಯಿಕರು, ಅಂದರೆ ಸೆನೆಕಾನ ಪಂಥದವರು, ಮಾತ್ರ ಗುಣವೊಂದೇ ಸಾಕು ಅಂದರು.

ಚಳಿಯೂರು · ಗುರುವಾರ, ರಾತ್ರಿ 11:55

ಮೇಷ್ಟ್ರೇ, ಸೋಲೊಪ್ಪಲ್ಲ, ಆದರೆ ಇವತ್ತು ಇಲ್ಲಿಗೆ ನಿಲ್ಲಿಸುತ್ತೇನೆ. ಒಂದು ಸಂಗತಿ ಹೇಳಿಬಿಡುತ್ತೇನೆ. ಸೆನೆಕಾ ರಾತ್ರಿ ದೀಪ ಒಯ್ದ ಮೇಲೆ, ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನದ ತನ್ನ ನಡತೆಯನ್ನು ಒಂದೊಂದಾಗಿ ನೆನೆದು ತಪಾಸಣೆ ಮಾಡುತ್ತಿದ್ದನಂತೆ. ಯಾವುದನ್ನೂ ಮುಚ್ಚಿಡದೆ. ಅಕ್ಕ ಸೋಮವಾರ ರಾತ್ರಿ ಇಲ್ಲಿ ಬರೆದದ್ದನ್ನು ಓದಿದಾಗ ನನಗೆ ಅದೇ ನೆನಪಾಯಿತು. ಎರಡು ವರ್ಷದಿಂದ ಅವನನ್ನು ಓದುತ್ತಿದ್ದೇನೆ, ಅದೊಂದನ್ನು ಮಾತ್ರ ನಾನು ಒಂದು ದಿನವೂ ಮಾಡಿಲ್ಲ.

ಒಗ್ಗರಣೆ · ಶುಕ್ರವಾರ, ಬೆಳಿಗ್ಗೆ 7:30

ಈ ಹದವಾದ ಸಿಟ್ಟಿಗೆ ಕನ್ನಡದಲ್ಲಿ ಒಂದು ಹೆಸರು ಬೇಡವೇ? "ಸಾತ್ವಿಕ ಕೋಪ" ಅನ್ನಬೇಡಿ, ಅದನ್ನು ರಾಜಕಾರಣಿಗಳು ಬಳಸಿ ಬಳಸಿ ಸವೆಸಿದ್ದಾರೆ.

ಹಳೇಮೇಷ್ಟ್ರು · ಶುಕ್ರವಾರ, ಬೆಳಿಗ್ಗೆ 7:55

ಗ್ರೀಕಿನಲ್ಲೂ ಇರಲಿಲ್ಲವಂತೆ. ಈ ನಡುವಿನ ಜಾಗಕ್ಕೆ ಸರಿಯಾದ ಹೆಸರಿಲ್ಲ ಅಂತ ಹೇಳಿಯೇ ಅರಿಸ್ಟಾಟಲ್ ಸೌಮ್ಯತೆಗೆ ಹತ್ತಿರದ ಒಂದು ಪದ ಎತ್ತಿಕೊಂಡ. ಅದು ಸಿಟ್ಟಿಲ್ಲದ ಕಡೆಗೆ ಸ್ವಲ್ಪ ವಾಲುತ್ತದೆ ಅಂತಲೂ ಹೇಳಿದ.

ಸೀಟಿಕಂಡಕ್ಟರ್ · ಶುಕ್ರವಾರ, ಮಧ್ಯಾಹ್ನ 2:10

ನಮ್ಮ ಡಿಪೋದಲ್ಲಿ "ಲೆಕ್ಕದ ಸಿಟ್ಟು" ಅಂತೀವಿ.

ಮಲ್ಲಿಗೆಹಂಬು · ಹದಿನೈದು ದಿನದ ನಂತರ, ಭಾನುವಾರ, ರಾತ್ರಿ 9:15

ಏನಾಯಿತು ಅಂತ ಕೆಲವರು ಕೇಳಿದ್ದಿರಿ.

ಮಗನ ಹತ್ತಿರ ಕ್ಷಮೆ ಕೇಳಿದೆ. "ಯಾವ ಮುಚ್ಚಳ?" ಅಂದ. ನಿಜವಾಗಿ ಮರೆತಿದ್ದನೋ ನನಗೋಸ್ಕರ ಮರೆತನೋ ಗೊತ್ತಿಲ್ಲ.

ಹೋದ ಸೋಮವಾರ ಮೇಲಿನವರ ಕೋಣೆಗೆ ಹೋದೆ. ಮೇಷ್ಟ್ರು ಹೇಳಿದ ಹಾಗೆ ಮರವನ್ನು ಎದುರು ದಿಕ್ಕಿಗೆ ಬಗ್ಗಿಸಿಕೊಂಡು. ಒಳಗೆ ಹೋಗುವ ಮೊದಲು ಊಟ ಮಾಡಿದ್ದೆ. ಪರ್ಸಿನಲ್ಲಿದ್ದ ನಾಣ್ಯ ಎಣಿಸಿದೆ, ಏಳೇ ಇತ್ತು. "ಆ ಫೈಲ್ ಅವರು ಕಳಿಸಿದ್ದಲ್ಲ ಸರ್. ಎಲ್ಲರ ಮುಂದೆ ಹಾಗೆ ಮಾತಾಡಿದ್ದು ತಪ್ಪು" ಅಂದೆ. ದನಿ ನಡುಗಿತು, ಆದರೆ ಪೂರ್ತಿ ಹೇಳಿದೆ. ಅವರು ನನ್ನನ್ನು ನೋಡಲೇ ಇಲ್ಲ. "ಆಯ್ತು, ನೋಡೋಣ" ಅಂದರು. ಅಷ್ಟೇ.

ಹೊರಗೆ ಬಂದು ಅಟೆಂಡರ್ ಹತ್ತಿರ ಹೋದೆ. ಅವತ್ತು ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಿದೆ, ಈಗ ಮಾತಾಡಿ ಬಂದೆ ಅಂತಲೂ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಅವರ ಮುಖ ಸಣ್ಣಗಾಯಿತು. "ಯಾಕೆ ಹೋದ್ರಿ ಮೇಡಂ? ನಂದು ಇನ್ನು ಎರಡು ವರ್ಷ ಐತೆ. ಪಿಂಚಣಿ ಕಾಗದ ಅವರ ಟೇಬಲ್ ಮೇಲೇ ಹೋಗ್ಬೇಕು. ನನ್ನ ಒಂದ್ ಮಾತು ಕೇಳಿದ್ರೆ ಬೇಡ ಅಂತಿದ್ದೆ" ಅಂದರು. ಆಮೇಲೆ ನನಗೆ ಬೇಜಾರಾಯಿತು ಅಂತ ಅನ್ನಿಸಿತೇನೋ, ಟೀ ತಂದುಕೊಟ್ಟರು.

ಕೆರೆದಂಡೆ · ಭಾನುವಾರ, ರಾತ್ರಿ 9:50

ಯಾರ ಸಿಟ್ಟು ಅಂತ ನಾನೂ ಕೇಳಲಿಲ್ಲ ನೋಡಿ. ಅಷ್ಟು ಉದ್ದ ಬರೆದೆ.

ಹಳೇಮೇಷ್ಟ್ರು · ಭಾನುವಾರ, ರಾತ್ರಿ 10:20

ತಕ್ಕ ವಿಷಯ, ತಕ್ಕವರ ಮೇಲೆ, ತಕ್ಕ ಹೊತ್ತು ಅಂತ ಎಲ್ಲವನ್ನೂ ಬರೆದೆ. ಅವರನ್ನು ಒಂದು ಮಾತು ಕೇಳಿ ಅಂತ ನಾನು ಹೇಳಬೇಕಿತ್ತು ಮಲ್ಲಿಗೆಹಂಬು ಅವರೇ. ನನ್ನ ತಪ್ಪು.

ಸೀಟಿಕಂಡಕ್ಟರ್ · ಭಾನುವಾರ, ರಾತ್ರಿ 10:41

ಮೇಡಂ, ಪಿಂಚಣಿ ಕಾಗದದ ಕೆಲಸ ನಿಮ್ಮ ಸೆಕ್ಷನ್ನಿನಲ್ಲೇ ಬರುತ್ತದಾ? ಬಂದರೆ ಈಗಲೇ ಅವರ ಸರ್ವೀಸ್ ರಿಜಿಸ್ಟರ್ ತೆಗೆಸಿ ನೋಡಿ. ಎಂಟ್ರಿ ಬಿಟ್ಟುಹೋಗಿದ್ದರೆ ಸರಿ ಮಾಡಿಸುವುದಕ್ಕೆ ಎರಡು ವರ್ಷ ಬೇಕಾಗುತ್ತದೆ. ನಮ್ಮಲ್ಲಿ ಒಬ್ಬರಿಗೆ ಹಾಗೇ ಆಗಿತ್ತು.

ಮಲ್ಲಿಗೆಹಂಬು · ಭಾನುವಾರ, ರಾತ್ರಿ 10:58

ಬರುತ್ತದೆ. ನಾಳೆ ಬೆಳಿಗ್ಗೆ ಮೊದಲು ಅವರನ್ನು ಕೇಳುತ್ತೇನೆ.